ಬಳೆ ತೊಡಿಸುವ ಕೈ

ನಾನು ಸರ್ಕಾರಿ ನೌಕರಿಗೆ ಹಾಜರಾದದ್ದು ಬೋರಲು ಮಲಗಿಕೊಂಡು. ಇದು ಅಲಂಕಾರದ ಮಾತಲ್ಲ. ೧೯೫೬ರ ಮಳೆಗಾಲದಲ್ಲಿ ಔರಾದಿನ ಒಂದು ಸಣ್ಣ ದವಾಖಾನೆಗೆ ಕಂಪೌಂಡರ್ ಆಗಿ ಸೇರಲು ಹೋದ ದಿನ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಕ್ಕೂ ಮೊದಲು ನಾನು ರೋಗಿಗಳ ಬೆಂಚಿನ ಮೇಲೆ ಮುಖ ಕೆಳಗೆ ಮಾಡಿ ಬಿದ್ದಿದ್ದೆ. ಡಾಕ್ಟರ್ ಅಬ್ರಹಾಮ ಎಂಬ ತರುಣ ವೈದ್ಯರು ಚಿಮಟ ಹಿಡಿದು ನನ್ನ ಹಿಂಭಾಗದಿಂದ ಹಸಿರು ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತಿದ್ದರು. ಪ್ರತಿ ಚೂರಿಗೂ ತಟ್ಟೆ ಟಿಣ್ ಎನ್ನುತ್ತಿತ್ತು. ಹೊರಗೆ ಕೂತ ರೋಗಿಗಳು ಎಣಿಸುತ್ತಿದ್ದರು.

ತಪ್ಪು ನನ್ನದೇ. ಬೀದರಿನಿಂದ ಔರಾದಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ನಡುವಯಸ್ಸಿನ ಹೆಂಗಸು ಕೂತಿದ್ದರು. ಬಸ್ಸು ಕುಲುಕಿದಾಗ ಆಕೆ ಮುಂದಿನ ಸಲಾಕೆ ಹಿಡಿದುಕೊಂಡರು. ಆಗ ಕೈ ಕಣ್ಣಿಗೆ ಬಿತ್ತು. ಅಂಗೈಯಿಂದ ಮಣಿಕಟ್ಟಿನವರೆಗೆ ಕೆಂಪು ತಟ್ಟೆಗಳು, ಮೇಲೆ ಅಭ್ರಕದ ಹಾಗೆ ಮಿನುಗುವ ಬಿಳಿ ಹೊಟ್ಟು. ಬಸ್ಸು ಇನ್ನೊಮ್ಮೆ ಕುಲುಕಿತು. ಆ ಹೊಟ್ಟು ನನ್ನ ಹೊಸ ಪಾಯಜಾಮದ ಮೇಲೆ ಉದುರಿತು. ಔಷಧ ಕೊಡುವ ವಿದ್ಯೆ ಕಲಿತು ಸರ್ಟಿಫಿಕೇಟು ಜೇಬಿನಲ್ಲಿಟ್ಟುಕೊಂಡಿದ್ದ ನಾನು ಕುಷ್ಠವೇ ಸೈ ಎಂದುಕೊಂಡು ಎದ್ದುಬಿಟ್ಟೆ.

"ಇಲ್ಲಿ ಬಿಸಲು ಭಾಳ ಅದ" ಎಂದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು.

ಹಿಂದಿನ ಸೀಟಿನ ಮೇಲೆ ಬಟ್ಟೆ ಮುಚ್ಚಿದ ಗಂಟೊಂದಿತ್ತು. ಹಾಸಿಗೆಯ ಸುರುಳಿ ಎಂದು ತಿಳಿದು ಅದನ್ನು ಸರಿಸಲು ಬಗ್ಗಿದೆ. ಅಷ್ಟರಲ್ಲಿ ಬಸ್ಸು ಕುಣಿಗೆ ಬಿತ್ತು, ನಾನು ಗಂಟಿನ ಮೇಲೆ ಬಿದ್ದೆ. ಅದು ಆ ಹೆಂಗಸಿನ ಬಳೆಬುಟ್ಟಿ. ಮೂರು ಡಜನ್ ಹಸಿರು ಬಳೆ ನನ್ನ ಭಾರಕ್ಕೆ ಪುಡಿಯಾದ ಸದ್ದನ್ನು ಡ್ರೈವರನೂ ಕೇಳಿ ಬಸ್ಸು ನಿಲ್ಲಿಸಿದ.

ಕಂಡಕ್ಟರ್ ಫಕ್ರೋದ್ದೀನ ಓಡಿ ಬಂದು ನೋಡಿ, "ಅಳತಿ ಬರೋಬರ್ ಕೂತದೇನ್ರಿ ಸಾಬ? ಇಲ್ಲಂದ್ರ ಇನ್ನೊಂದು ಡಜನ್ ತೋರಸ್ಲಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆ ಹೆಂಗಸು ಮಾತ್ರ ನಗಲಿಲ್ಲ. ಎದ್ದು ಬಂದು, ಚಾದರದ ಸೆರಗಿನಿಂದ ನನ್ನ ಬೆನ್ನ ಮೇಲಿನ ಗಾಜಿನ ಪುಡಿ ಜಾಡಿಸುತ್ತ ಕೇಳಿದರು:

"ಇಲ್ಲಿ ಬಿಸಲು ಇಲ್ಲೇನು ಬೇಟಾ?"

ದವಾಖಾನೆಯ ನೌಕರಿಗೆ ಹೊರಟಿದ್ದೇನೆ, ಒಡೆದ ಬಳೆಗೆ ದುಡ್ಡು ಕೊಡುತ್ತೇನೆಂದೆ. ತಗೊಳ್ಳಲಿಲ್ಲ. "ರೊಕ್ಕ ಬ್ಯಾಡ. ದವಾಖಾನಿ ನೌಕರಿಗಿ ಹೊಂಟೀನಿ ಅಂತಿ. ನನಗ ಒಳಗ ಕರಕೊಂಡು ಹೋಗು. ಈ ಕೈ ನೋಡಿ ಎಲ್ಲಿ ಹೋದ್ರೂ ಬಾಗಲದಾಗೇ ನಿಂದ್ರಸ್ತಾರ" ಎಂದರು.

ಹೀಗೆ ಅಜೀಜಾ ಬೇಗಂ ನನ್ನ ಹಿಂದೆಯೇ ದವಾಖಾನೆ ಹೊಕ್ಕರು. ಒಂದು ಲೆಕ್ಕಕ್ಕೆ ಆಕೆಗೆ ದಾರಿ ಮಾಡಿಕೊಟ್ಟದ್ದು ನನ್ನ ಹಿಂಭಾಗವೇ. ಜೀವನದಲ್ಲಿ ಆಕೆಗೆ ನನ್ನಿಂದಾದ ಉಪಕಾರ ಹೆಚ್ಚುಕಡಿಮೆ ಅಷ್ಟೇ.

ಡಾಕ್ಟರ್ ಅಬ್ರಹಾಮ ಆಕೆಯ ಕೈಯನ್ನು ಬರಿಗೈಯಲ್ಲಿ ಹಿಡಿದುಕೊಂಡರು. ತಿರುಗಿಸಿ ನೋಡಿದರು, ಉಗುರಿನಿಂದ ಹೊಟ್ಟು ಕೆರೆದರು. ಕೆಳಗೆ ಸಾಸಿವೆ ಕಾಳಿನಷ್ಟು ರಕ್ತ ಜಿನುಗಿತು. ಮೊಣಕೈ, ಮೊಣಕಾಲು, ತಲೆ ಎಲ್ಲ ಕೇಳಿ ತಿಳಿದುಕೊಂಡರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಕೂಡುವುದು ಸಾಧ್ಯವಿರಲಿಲ್ಲ.

"ಇದು ಕುಷ್ಠ ಅಲ್ಲರಿ ಅವ್ವಾ. ಸೋರಿಯಾಸಿಸ್ ಅಂತಾರ. ಒಬ್ಬರದು ಒಬ್ಬರಿಗಿ ಹತ್ತಲ್ಲ" ಎಂದರು ಡಾಕ್ಟರು. ಎರಡನೆಯ ಮಾತನ್ನು ನನ್ನ ಕಡೆ ನೋಡಿ ಮತ್ತೊಮ್ಮೆ ಹೇಳಿದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನನಗೆ ಈಗಲೂ ನೆನಪಿದೆ.

"ಹೋಗ್ತದೇನ್ರಿ?"

"ಪೂರ್ತಿ ಹೋಗಲ್ಲ. ತಗ್ಗಸಬಹುದು. ಹೊಸಾ ಮುಲಾಮು ಬಂದದ." ಡಾಕ್ಟರು ಕಿರುಬೆರಳಿನಷ್ಟು ಒಂದು ಟ್ಯೂಬು ತೆಗೆದರು. ಹೈಡ್ರೊಕಾರ್ಟಿಸೋನ್ ಎಂದು ಅದರ ಹೆಸರು. "ನಮ್ಮ ಮೈಯೊಳಗ ಎರಡೂ ಗುರ್ದಾದ, ಅಂದ್ರ ಮೂತ್ರಪಿಂಡದ ಮ್ಯಾಲ ಟೊಪಿಗಿ ಇಟ್ಟಂಗ ಎರಡು ಸಣ್ಣ ಗ್ರಂಥಿ ಅವ. ಅವು ಒಂದು ರಸ ಮಾಡ್ತಾವ. ಆ ರಸಾನೇ ಕಾರಖಾನ್ಯಾಗ ಮಾಡಿ ಇದರಾಗ ಹಾಕ್ಯಾರ."

"ಗುರ್ದಾದ ಮ್ಯಾಲಿಂದು ಕೈಗಿ ಯಾಕ್ರಿ?"

"ನಿಮ್ಮ ಚರ್ಮಕ್ಕ ಭಾಳ ಅವಸರ ಅದ. ತಿಂಗಳದಾಗ ಹುಟ್ಟೋ ಚರ್ಮ ನಾಕು ದಿನದಾಗ ಹುಟ್ಟಿ ಉದುರ್ಲಾಕತ್ತದ. ಒಳಗ ಬೆಂಕಿ ಹತ್ತಿದಂಗ. ಈ ರಸ ಬೆಂಕಿ ಆರಸ್ತದ. ಆರಿದ ಮ್ಯಾಲ ಒಮ್ಮಿಗೇ ಬಿಡಬಾರದು. ಕಮ್ಮಿ ಕಮ್ಮಿ ಮಾಡ್ಕೋತ ಬಿಡಬೇಕು. ಇಲ್ಲಂದ್ರ ಹೊಳ್ಳಿ ಬರ್ತದ."

"ಯಾವ ಜಾನವರದ ರಸರಿ ಇದು?"

"ಜಾನವರದಲ್ಲ. ದೂರದ ದೇಶದಾಗ ಒಂದು ಕಾಡುಗಡ್ಡಿ ಅದ, ಗೆಣಸಿನ ಜಾತಿದು. ಅದರಿಂದ ತೆಗೀತಾರ."

ಅಜೀಜಾ ಬೇಗಂ ವಿಚಾರ ಮಾಡಿ, "ಹಂಗಿದ್ರ ಗೆಣಸೇ ತಿಂತೇನಿ. ಈ ನಳಗಿ ಯಾರಿಗರ ಬಡವರಿಗಿ ಕೊಡ್ರಿ" ಎಂದರು. ಡಾಕ್ಟರು ಟ್ಯೂಬನ್ನೂ ಕೊಟ್ಟು ಕಳಿಸಿದರು. ಎಂಟು ದಿನ ಬಿಟ್ಟು ಬಂದಾಗ ಆಕೆಯ ವರದಿ ಹೀಗಿತ್ತು: "ಗೆಣಸಿಗಿ ಹೊಟ್ಟಿ ಉಬ್ಬಿತು. ನಳಗಿಗಿ ಕೈ ಒಂದೀಟು ಮೆತ್ತಗಾಗ್ಯಾದ."

ಆಮೇಲೆ ನಡೆದದ್ದನ್ನು ಡಾಕ್ಟರೂ ನಿರೀಕ್ಷಿಸಿರಲಿಲ್ಲ. ಅಂಗೈಯ ದಪ್ಪ ಚರ್ಮಕ್ಕೆ ಈ ಮುಲಾಮು ಅಷ್ಟಾಗಿ ನಾಟುವುದಿಲ್ಲ ಎಂದು ಅವರೇ ನನಗೆ ಹೇಳಿದ್ದರು. ಆದರೆ ಆಕೆ ಹಾಸಿಗೆಗೆ ಜಿಡ್ಡು ಹತ್ತಬಾರದೆಂದು ಮಲಗುವಾಗ ಎರಡೂ ಕೈಗೆ ಮೋಮಜಾಮಾ ಸುತ್ತಿಕೊಳ್ಳುತ್ತಿದ್ದರು. ಬಳೆಗೆ ಮಳೆನೀರು ತಾಗದಂತೆ ಬುಟ್ಟಿಗೆ ಹೊದಿಸುವ ಮೇಣದ ಬಟ್ಟೆ ಅದು. ಗಾಳಿಯಾಡದೆ ಮುಲಾಮು ಒಳಗಿಳಿಯಿತು. ಎರಡು ತಿಂಗಳಲ್ಲಿ ಕೆಂಪು ಮಾಸಿತು, ಹೊಟ್ಟು ನಿಂತಿತು. ಡಾಕ್ಟರು ತಮ್ಮ ವಹಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡರು. ಆಕೆ ನನ್ನ ಕಡೆ ತಿರುಗಿ, "ನಿಮ್ಮ ಡಾಕ್ಟರ್ ಸಾಬ ನನ್ನ ಬುಟ್ಟಿ ಅರಿವಿ ನೋಡಿ ಡಾಕ್ಟರಿ ಕಲೀಲಾಕತ್ತಾನ" ಎಂದರು.

ಆ ಕೈಯ ಕಸುಬು ಎಂಥದೆಂದು ಹೇಳದಿದ್ದರೆ ಈ ಸಂಭ್ರಮ ಓದುಗರಿಗೆ ತಿಳಿಯಲಿಕ್ಕಿಲ್ಲ. ಅಜೀಜಾ ಬೇಗಂ ಬಳೆ ಮಾರುತ್ತಿರಲಿಲ್ಲ, ತೊಡಿಸುತ್ತಿದ್ದರು. ಹೊಸ್ತಿಲ ಮುಂದೆ ಕೂತು ಹೆಂಗಸಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಎಲುಬೆಲ್ಲ ಬೆಣ್ಣೆಯಾಗುವಂತೆ ಹಿಚುಕಿ, ಮಾತು ಮಾತಿನಲ್ಲೇ ಬಿಗಿಯಾದ ಬಳೆಯನ್ನು ದಾಟಿಸುತ್ತಿದ್ದರು. ಕಣ್ಣು ಮುಚ್ಚಿ ಕೈ ಹಿಡಿದರೆ ಸಾಕು, ಅಳತೆ ಹೇಳುತ್ತಿದ್ದರು. ಅತ್ತೆಯ ಕಾಟ, ಗಂಡನ ಕುಡಿತ, ನಿಂತ ಮುಟ್ಟು, ಎಲ್ಲವನ್ನೂ ಹೆಂಗಸರು ಆ ಹೊತ್ತಿಗೆ ಆಕೆಗೆ ಹೇಳುತ್ತಿದ್ದರು. ಕೈ ಇನ್ನೊಬ್ಬರ ಕೈಯಲ್ಲಿರುವಾಗ ಬಾಯಿ ತಾನಾಗಿ ಬಿಚ್ಚುತ್ತದಂತೆ. ಔರಾದ, ಚಿಂತಾಕಿ, ಠಾಣಾ ಕುಶನೂರ, ಆ ಕಡೆ ಭಾಲ್ಕಿ, ಹಲಬರ್ಗಾ, ಇವು ಆಕೆಯ ತಿರುಗಾಟದ ಊರುಗಳು. ಮೊದಲು ಗಂಡ ಅಬ್ದುಲ ವಾಹೀದ ಜೊತೆಗಿದ್ದ. ೧೯೪೮ರಲ್ಲಿ, ಹೈದರಾಬಾದಿನ ಮೇಲೆ ಪೊಲೀಸ್ ಕಾರ್ಯಾಚರಣೆಯಾದ ವರ್ಷ, ಆತ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅದನ್ನು ಆಕೆ ಹೇಳುತ್ತಿರಲಿಲ್ಲ, ನಾವು ಯಾರೂ ಕೇಳುತ್ತಿರಲಿಲ್ಲ. ಮರುವರ್ಷ ಮೊಣಕೈ ಮೇಲೆ ಮೊದಲ ತಟ್ಟೆ ಎದ್ದಿತು. ಅದು ಅಂಗೈಗೆ ಇಳಿದ ಮೇಲೆ ಒಂದೊಂದೇ ಮನೆ ಕೈ ಹಿಂದೆಗೆದುಕೊಂಡಿತು. ಬಳೆಗಾರ್ತಿಯ ಕೈಗೆ ಕೈ ಕೊಡದಿದ್ದರೆ ಆಕೆಗೆ ಉಳಿಯುವುದು ಬರೀ ಗಾಜು.

ಈಗ ಆ ಕೈ ತಿಳಿಯಾಗಿತ್ತು. ನವೆಂಬರ್ ಒಂದಕ್ಕೆ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. ಶಾಲೆಯಲ್ಲಿ ಪೇಢೆ ಹಂಚಿದರು. ಅಜೀಜಾ ಬೇಗಂ ದವಾಖಾನೆಗೆ ಬಂದು ನನ್ನೆದುರು ಎರಡೂ ಅಂಗೈ ಚಾಚಿ, "ನೋಡು ಬೇಟಾ, ಇದರ ಮ್ಯಾಲೂ ಪೇಢೆ ಇಡಬಹುದು" ಎಂದರು. ಇಟ್ಟೆ. ಇಟ್ಟು, ನನ್ನ ಬೆರಳನ್ನು ಪಾಯಜಾಮಕ್ಕೆ ಒರೆಸಿಕೊಳ್ಳದೆ ಇರಲು ಪ್ರಯತ್ನಪಟ್ಟೆ.

ಫೆಬ್ರುವರಿಯಲ್ಲಿ ಚಿಂತಾಕಿಯ ಒಂದು ಮದುವೆಗೆ ಕರೆ ಬಂತು, ಎಷ್ಟೋ ವರ್ಷಗಳ ಮೇಲೆ. ಮದುಮಗಳು ಹೊಲಗೆಲಸದ ಹುಡುಗಿ, ದಪ್ಪ ಎಲುಬಿನ ಕೈ. ಮದುವೆಯ ಬಳೆ ಸಡಿಲಿರಬಾರದು, ತೊಡಿಸುವಾಗ ಒಡೆಯಲೂಬಾರದು. ಎರಡು ಒಡೆದವು. ಹುಡುಗಿಯ ಸೋದರತ್ತೆ ಹಣೆ ಚಚ್ಚಿಕೊಳ್ಳಲು ಶುರುಮಾಡಿದಳು. ಸಾಬೂನು ಹಚ್ಚಿದರು, ಎಣ್ಣೆ ಹಚ್ಚಿದರು, ಜಗ್ಗಲಿಲ್ಲ. ಆಗ ಅಜೀಜಾ ಬೇಗಂ ಸೊಂಟದ ಚೀಲದಿಂದ ಟ್ಯೂಬು ತೆಗೆದು ಹುಡುಗಿಯ ಕೈಗೆ ಬೆರಳುದ್ದ ಹಿಂಡಿದರು. ಡಜನ್ ಬಳೆ ಸರಸರನೆ ಏರಿದವು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನೆರೆದ ಹೆಂಗಸರೆಲ್ಲ "ನನಗೂ ಆ ದವಾಖಾನಿ ಬೆಣ್ಣಿ ಹಚ್ಚು ಅಜೀಜಾಬಿ" ಎಂದು ಕೈ ಚಾಚಿದರು. ವರ್ಷಗಟ್ಟಲೆ ಯಾರೂ ಕೈ ಕೊಡದ ಹೆಂಗಸು ಅವರಲ್ಲಿ ಯಾರಿಗೆ ಇಲ್ಲವೆನ್ನಬೇಕಿತ್ತು? ಎರಡು ತಿಂಗಳಿಗೆ ಬರಬೇಕಾದ ಎರಡು ಟ್ಯೂಬು ಒಂದು ಮಧ್ಯಾಹ್ನದಲ್ಲಿ ಮುಗಿದವು.

ನಾನು ಸಿಟ್ಟಾದೆ. "ಖಾಲಾ, ಆ ಮುಲಾಮಿಗಿ ಏನು ಕಿಮ್ಮತ್ತು ಅದ ಗೊತ್ತದೇನ್ರಿ? ಜಡ್ಡಿನ ಔಷಧ ಅದು. ಬಳಿಗಿ ಹಚ್ಚೂದಲ್ಲ." ಚಿಕ್ಕಮ್ಮ ಎನ್ನುವಂತೆ ನಾವು ಆಕೆಯನ್ನು ಖಾಲಾ ಎಂದೇ ಕರೆಯುತ್ತಿದ್ದೆವು.

"ಮೂರನೇ ಬಳಿ ಒಡದಿದ್ರ ಆ ಹುಡುಗಿ ಜನ್ಮ ಪೂರ್ತಿ ಮಾತು ಕೇಳಬೇಕಿತ್ತು ಬೇಟಾ. ನನ್ನ ಕೈ ಎಂಟು ವರ್ಸ ತಡದಾದ. ಇನ್ನೊಂದು ತಿಂಗಳ ತಡೀತದ. ನೀ ತರಸ್ತಿ ಹೌದಿಲ್ಲ?"

"ತರಸ್ತೇನಿ" ಎಂದೆ. ಎಂಥ ಧಾರಾಳ!

ಔಷಧದ ಬೇಡಿಕೆ ಪತ್ರ ಬರೆಯುವುದು ಕಂಪೌಂಡರನ ಕೆಲಸ. ಎಂದಿನಂತೆ ಉರ್ದುವಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದೆ. ಕೈ ರೂಢಿ. ರಾಜ್ಯ ಬದಲಾದದ್ದು ಪೇಢೆ ತಿಂದ ಬಾಯಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತಿಂಗಳ ಮೇಲೆ ಪತ್ರ ತಿರುಗಿ ಬಂತು, ನೀವೀಗ ನಮ್ಮವರಲ್ಲ ಎಂದು. ಅದೇ ಉರ್ದು ಪತ್ರಕ್ಕೆ ಹೊಸ ಲಕೋಟೆ ಹಾಕಿ ಬೆಂಗಳೂರಿಗೆ ಕಳಿಸಿದೆ. ಅದೂ ತಿರುಗಿ ಬಂತು, ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಿರಿ ಎಂದು. ಮನೆಯಲ್ಲಿ ಆಡುವುದು ಕನ್ನಡವಾದರೂ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಇಪ್ಪತ್ತೈದನೆಯ ವಯಸ್ಸಿಗೆ ಒಂದನೆಯ ಇಯತ್ತೆಯ ಪುಸ್ತಕ ಕೊಂಡು ಅಕ್ಷರ ತಿದ್ದಿದೆ. ಇವತ್ತು ಕನ್ನಡದಲ್ಲಿ ಜನರನ್ನು ನಗಿಸುವವನೆಂದು ನಾಲ್ಕು ಜನ ಹೇಳುತ್ತಾರೆ. ಕನ್ನಡದಲ್ಲಿ ನನ್ನ ಮೊದಲ ಬರಹ ಆ ಬೇಡಿಕೆ ಪತ್ರ, ಅದಕ್ಕೂ ಬೆಂಗಳೂರಿನಲ್ಲಿ ಯಾರೋ ನಕ್ಕಿರಬೇಕು. ಔಷಧದ ಉದ್ದ ಹೆಸರು ಬರೆಯಲು ಹೆದರಿ, ವರ್ಣನೆ ಬರೆದಿದ್ದೆ: "ಕೈಯ ಚರ್ಮ ಕೆಟ್ಟಿದ್ದಕ್ಕೆ ಹಚ್ಚುವ ಮುಲಾಮು, ಒಳ್ಳೆಯದು, ಬೇಗ ಕಳಿಸಿರಿ."

ಬೇಗವೇ ಬಂತು. ಕಜ್ಜಿಗೆ ಹಚ್ಚುವ ಗಂಧಕದ ಮುಲಾಮು, ಹನ್ನೆರಡು ಪೌಂಡು, ತಗಡಿನ ಡಬ್ಬಿಯಲ್ಲಿ.

ಕೇಳೋಣವೆಂದರೆ ಡಾಕ್ಟರ್ ಅಬ್ರಹಾಮ ಇರಲಿಲ್ಲ. ರಾಜ್ಯ ದೊಡ್ಡದಾಗಿತ್ತು; ಅವರಿಗೆ ಕಡಲ ದಂಡೆಯ ಯಾವುದೋ ಊರಿಗೆ ವರ್ಗವಾಗಿತ್ತು. ಹೊಸಬರು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಆಕೆಯ ಕೈ ಹೊಳ್ಳಿ ಬಂದಿತ್ತು, ಮೊದಲಿಗಿಂತ ಜೋರಾಗಿ. ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ನಾನು ಗಂಧಕದ ಡಬ್ಬಿಯಿಂದ ಒಂದಿಷ್ಟು ಕಟ್ಟಿಕೊಟ್ಟೆ. ಬರಿಗೈಯಲ್ಲಿ ಕಳಿಸುವುದು ಹೇಗೆ? ಮೂರು ದಿನಕ್ಕೆ ಬಂದು ತೋರಿಸಿದರು. ಸುಟ್ಟ ಹಾಗಾಗಿತ್ತು.

"ಇದು ನಳಗ್ಯಾಗಿಂದಲ್ಲ ಬೇಟಾ."

"ಬರ್ತದರಿ ಖಾಲಾ, ಬರ್ತದ" ಎಂದೆ.

ಮೇ ತಿಂಗಳಲ್ಲಿ ನನ್ನ ಮದುವೆ. ಹೆಣ್ಣು ಹಲಬರ್ಗಾದ ಶಾಲುಬಾಯಿ. ಅವರ ಓಣಿಯೂ ನಮ್ಮ ಓಣಿಯ ಹಾಗೆಯೇ ಊರಿನ ಕೊನೆಗೆ ಇತ್ತು. ಯಾಕೆ ಕೊನೆಗೆ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ಅಜ್ಜನ ಕೈಗೆ ನೀರನ್ನು ಎತ್ತರದಿಂದ ಹೊಯ್ಯುತ್ತಿದ್ದರು. ನಮ್ಮ ಹೆಂಗಸರ ಕೈಯನ್ನು ಹಿಡಿದು, ಹಿಚುಕಿ, ಸವರಿ ಬಳೆ ತೊಡಿಸಿದ ಹೊರಗಿನ ಜೀವ ಆ ಕಾಲದಲ್ಲಿ ಅಜೀಜಾ ಬೇಗಂ ಒಬ್ಬರೇ. ಶಾಲುಬಾಯಿಯ ಅಜ್ಜಿ ಅಂಜನಾಬಾಯಿಗೆ ತೊಡಿಸಿದವರೂ ಅವರೇ, ತಾಯಿಗೆ ತೊಡಿಸಿದವರೂ ಅವರೇ. ಮೊಮ್ಮಗಳ ಮದುವೆಗೆ ಕರೆಯದೆ ಇರಲಾಗಲಿಲ್ಲ, ಕರೆದರು. ಆಕೆ ಕೈಗೆ ಹಳೆಯ ಬಿಳಿ ಅರಿವೆ ಸುತ್ತಿಕೊಂಡು ಬಂದರು. ಬಳೆ ತೊಡಿಸುವಾಗ ಬಿಚ್ಚಲೇಬೇಕಲ್ಲ, ಬಿಚ್ಚಿದರು.

ಒಳಗೆ ಹೆಂಗಸರ ಗುಸುಗುಸು ಹೊರಗೆ ನಮಗೂ ಕೇಳಿಸಿತು.

ನಾನು ಅರಿಶಿನ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. ಹೆಣ್ಣಿನ ಕಾಕಾ ನರಸಿಂಗ ಒಳಗಿಂದ ಬಂದು ನನ್ನೆದುರು ಕುಕ್ಕುರುಗಾಲಲ್ಲಿ ಕೂತ. "ಅಳಿಯಂದ್ರೇ, ನೀವು ದವಾಖಾನ್ಯಾಗ ಇದ್ದೋರು. ಆ ಬಳಿಗಾರ್ತಿ ಕೈದು ಹತ್ತೂ ಬ್ಯಾನಿ ಏನ್ರಿ? ಹೆಂಗಸರು ಕೇಳ್ಲಾಕತ್ತಾರ. ನೀವು ಹತ್ತಲ್ಲ ಅಂದ್ರ ಕೈ ಕೊಡ್ತಾರಂತ."

ಅಷ್ಟೇ ಆಗಬೇಕಿತ್ತು. ಒಂದು ಮಾತು. ನನಗೆ ಗೊತ್ತಿತ್ತು, ಡಾಕ್ಟರು ಎರಡು ಸಲ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಆದರೆ ಸುತ್ತ ಹತ್ತು ಜನ ಬೀಗರು, ಹಿಂದೆ ನನ್ನ ತಾಯಿ. ನಾಳೆ ಈ ಮನೆಯಲ್ಲಿ ಯಾವ ಮಗುವಿಗೆ ತುರಿಕೆ ಎದ್ದರೂ ನನ್ನ ಹೆಸರು ಬರುತ್ತದೆ ಎಂದುಕೊಂಡೆ. ರೋಗ ಹೇಳುವುದು ಡಾಕ್ಟರನ ಕೆಲಸ, ಕಂಪೌಂಡರನದು ಬಾಟಲಿ ತುಂಬುವುದು ಎಂದೂ ಅಂದುಕೊಂಡೆ. ಹೇಡಿಗೆ ಹೊಳೆಯುವಷ್ಟು ಕಾರಣಗಳು ಪಂಡಿತನಿಗೂ ಹೊಳೆಯುವುದಿಲ್ಲ.

"ಹೇಳ್ಲಾಕ ಬರಲ್ರಿ" ಎಂದೆ.

ನರಸಿಂಗ ಒಳಗೆ ಹೋದ. ಆಮೇಲೆ ಅಂಜನಾಬಾಯಿಯ ದನಿ ಕೇಳಿಸಿತು, ಮೆತ್ತಗೆ, ಬೇಡಿಕೊಳ್ಳುವ ಹಾಗೆ. "ಅಜೀಜಾಬಿ, ಬ್ಯಾಸರ ಮಾಡ್ಕೋಬ್ಯಾಡವ್ವಾ. ಬಳಿ ಈ ಮರದಾಗ ಇಡು. ನಾವೇ ಏರಸ್ಕೋತೇವಿ."

ಬಾಗಿಲ ಸಂದಿಯಿಂದ ನನಗೆ ಅರ್ಧ ಕಾಣುತ್ತಿತ್ತು. ಜೋಳ ಕೇರುವ ಮೊರ. ಆಕೆ ಹಸಿರು ಬಳೆಗಳನ್ನು ಜೋಡಿ ಜೋಡಿಯಾಗಿ ಅದರಲ್ಲಿಟ್ಟರು, ಅಳತೆ ನೋಡಿ ಆರಿಸಿ. ಹುಡುಗಿಯ ಕೈ ಮುಟ್ಟದೆಯೇ ಅಳತೆ ಆರಿಸಿದ್ದರು. ಇಟ್ಟ ಮೇಲೆ ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು ಕೂತರು. ಬೀದರ ಜಿಲ್ಲೆಯ ಮೇ ತಿಂಗಳು, ನಡುಹಗಲು. ಚಳಿ ಹತ್ತಿದವರ ಹಾಗೆ ಕೂತಿದ್ದರು. ಅತ್ತೆಯಂದಿರು ಏರಿಸುವಾಗ ಮೂರು ಬಳೆ ಒಡೆದವು. ಯಾರೂ ಹಣೆ ಚಚ್ಚಿಕೊಳ್ಳಲಿಲ್ಲ.

ಹೋಗುವಾಗ ನನ್ನ ಮುಂದೆ ನಿಂತು, "ಮುಬಾರಕ್ ಬೇಟಾ" ಎಂದರು. ನಾನು ಅರಿಶಿನದ ಕೈ ಜೋಡಿಸಿದೆ.

ಆಮೇಲೆ ಆಕೆ ಔರಾದಿಗೆ ಬರಲಿಲ್ಲ. ಬೀದರಿನ ಚೌಬಾರದ ಹತ್ತಿರ ಅಣ್ಣನ ಮಗ ಯುನುಸ ಬಳೆ ಅಂಗಡಿ ಇಟ್ಟಿದ್ದ. ಅದರ ಹಿಂಭಾಗದಲ್ಲಿ ಕೂತು ಬಳೆಗಳನ್ನು ಅಳತೆವಾರು ದಾರಕ್ಕೆ ಪೋಣಿಸುತ್ತಿದ್ದಾರೆಂದು ಕೇಳಿದೆ. ಅಲ್ಲಿ ಕೈ ಹಿಡಿಯುವ ಪ್ರಸಂಗವಿಲ್ಲ. ಗಿರಾಕಿಗಳೇ ಕೊಂಡು ಮನೆಗೆ ಹೋಗಿ ಹಾಕಿಕೊಳ್ಳುತ್ತಿದ್ದರು.

ಏಳು ವರ್ಷದ ಮೇಲೆ ನನಗೆ ಬೀದರಿಗೆ ವರ್ಗವಾಯಿತು. ಆ ಹೊತ್ತಿಗೆ ಅದೇ ಜಾತಿಯ, ಅದಕ್ಕಿಂತ ಎಷ್ಟೋ ಪಾಲು ಜೋರಾದ ಮುಲಾಮು ಬಂದಿತ್ತು. ಅರ್ಜಿ ಬೇಡ, ರಾಜ್ಯ ಬೇಡ, ಔಷಧದ ಅಂಗಡಿಗೆ ಹೋಗಿ ಕೈ ಚಾಚಿದರೆ ಸಿಗುತ್ತಿತ್ತು. ಒಬ್ಬ ಡಾಕ್ಟರನ್ನು ಕೇಳಿಕೊಂಡು ಒಯ್ದು ಕೊಟ್ಟೆ. ಸುತ್ತಿಕೊಳ್ಳಲು ಮೋಮಜಾಮಾದ ಬದಲು ಪ್ಲಾಸ್ಟಿಕ್ ಹಾಳೆ ಕೊಟ್ಟೆ. ಒಂದೂವರೆ ತಿಂಗಳಿಗೆ ಆಕೆಯ ಕೈ ಮಗುವಿನ ಕೈಯ ಹಾಗಾಯಿತು.

ಆದರೆ ಬೆರಳುಗಳು ಸೊಟ್ಟಗಾಗಿದ್ದವು. ಈ ರೋಗ ಕೆಲವರಿಗೆ ಕೀಲಿಗೂ ಇಳಿಯುತ್ತದೆ. ಗಂಟುಗಳು ಬಾತು, ಬೆರಳು ಕೊಕ್ಕೆಯಂತೆ ನಿಂತುಬಿಟ್ಟಿದ್ದವು. ಅದಕ್ಕೆ ಹಚ್ಚುವ ಮುಲಾಮು ಇರಲಿಲ್ಲ.

ಒಂದು ದಿನ ಶಾಲುಬಾಯಿಯನ್ನು ಅಂಗಡಿಗೆ ಕರೆದುಕೊಂಡು ಹೋದೆ. ಮದುವೆಯಾದಾಗಿನಿಂದ ಅವಳು ಒಂದು ಅಳತೆ ದೊಡ್ಡ ಬಳೆಯನ್ನೇ ಹಾಕುತ್ತಿದ್ದಳು. ರೊಟ್ಟಿ ಬಡಿಯುವಾಗ ಮೊಣಕೈವರೆಗೆ ಜಾರುತ್ತಿದ್ದವು. ಅವಳು ಅಜೀಜಾ ಬೇಗಂ ಅವರ ಮುಂದೆ ಕೂತು ಬಲಗೈ ಚಾಚಿದಳು. ಆಕೆ ಆ ಕೈಯನ್ನು ಎತ್ತಿ ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡರು. ಹೆಬ್ಬೆರಳು ಮಡಚಿದರು. ಒಮ್ಮೆ ಹಿಚುಕಿದರು, ಇನ್ನೊಮ್ಮೆ ಹಿಚುಕಿದರು. ಬೆರಳು ಬಲ ಹಿಡಿಯಲಿಲ್ಲ. ಕೈಯನ್ನು ಶಾಲುಬಾಯಿಯ ತೊಡೆಯ ಮೇಲೆ ತಿರುಗಿ ಇಟ್ಟು, "ಯುನುಸ, ದೊಡ್ಡ ಅಳತಿದು ಕೊಡು" ಎಂದರು.

ಶಾಲುಬಾಯಿ ಅಂಗಡಿಯ ಮುಂಭಾಗಕ್ಕೆ ಸರಿದಳು. ನಾನು ನಿಂತೆ. ಏಳು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಿದೆ.

"ಖಾಲಾ, ಅವತ್ತು ಹಲಬರ್ಗಾದಾಗ ನಾ ಏನಂದೆ ನಿಮಗ ಗೊತ್ತದೇನ್ರಿ?"

"ಗ್ವಾಡಿ ಆಚಿಗೇ ಕೂತಿದ್ದೆ. ಕೇಳಸ್ತು."

"ನನಗ ಮಾಫ್ ಮಾಡೀರೇನ್ರಿ?"

ಆಕೆ ನಾನು ತಂದುಕೊಟ್ಟ ಟ್ಯೂಬಿನ ಬಾಲವನ್ನು ಸೊಟ್ಟ ಬೆರಳಿನಿಂದ ನಿಧಾನವಾಗಿ ಮಡಚಿ, ಉಳಿದ ಮುಲಾಮನ್ನು ಮುಂದಕ್ಕೆ ತಳ್ಳಿ, ಮುಚ್ಚಳ ತಿರುವಿದರು.

"ಹೇಳ್ಲಾಕ ಬರಲ್ರಿ, ಕಂಪೌಂಡರ್ ಸಾಬ."